ಶೇಂಗಾ ಪೊಟ್ಟಣದ ಸುದ್ದಿ

ಮಕ್ಕಳೇ, ಕಂಪ್ಲಿಯಲ್ಲಿ ನಾನು ಹೆಣ್ಣುಮಕ್ಕಳಿಗೆ ಪತ್ರಿಕೆ ಓದಲು ಕಲಿಸಿದೆ ಎಂದು ನಿಮ್ಮ ಅಪ್ಪ ಬಂದವರ ಮುಂದೆಲ್ಲ ಹೆಮ್ಮೆಯಿಂದ ಹೇಳುತ್ತಾನೆ. ಅದು ಯಾಕೆ ಶುರುವಾಯಿತು ಎಂಬುದು ಅವನಿಗೆ ಗೊತ್ತಿಲ್ಲ. ನನಗೆ ಬಾಯಿಬಿಟ್ಟು ಹೇಳಲಾಗದು. ಅದಕ್ಕೇ ಬರೆಯುತ್ತಿದ್ದೇನೆ.

ಮಲಪನಗುಡಿಯ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಓದಿದವಳು ನಾನು. ಕಂಪ್ಲಿಗೆ ಸೊಸೆಯಾಗಿ ಬಂದ ಆರನೆಯ ವರ್ಷಕ್ಕೆ ನಿಮ್ಮ ತಾತ ತೀರಿಕೊಂಡರು. ನಿಮ್ಮ ಅಪ್ಪ ಆಗಿನ್ನೂ ಅಂಬೆಗಾಲಿಡುತ್ತಿದ್ದ. ಆಮೇಲೆ ಮದುವೆ ಮುಂಜಿಗೆ ನನ್ನನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೂ ಹೋಗುವ ಧೈರ್ಯ ನನಗಿರಲಿಲ್ಲ. ನಮ್ಮ ಮನೆಗೆ ಬರುತ್ತಿದ್ದವಳು ಪಕ್ಕದ ಮನೆಯವಳೊಬ್ಬಳೇ. ಅವಳ ಗಂಡ ಸಂಡೂರು ಗುಡ್ಡದ ಗಣಿಯಲ್ಲಿ ಕೆಲಸಕ್ಕಿದ್ದ, ಅಮಾವಾಸ್ಯೆಗೊಮ್ಮೆ ಊರಿಗೆ ಬರುತ್ತಿದ್ದ. ಮಧ್ಯಾಹ್ನ ಅವಳು ಮೊರದಲ್ಲಿ ಅಕ್ಕಿ ಹಾಕಿಕೊಂಡು ಬಂದು ಕೂರುವಳು. ಅಂಗಡಿಯಿಂದ ಬಂದ ಪೊಟ್ಟಣಗಳ ಕಾಗದವನ್ನು ಬಿಡಿಸಿ ನಾನು ಓದುತ್ತಿದ್ದೆ.

"ಏನರ ಓದಕ್ಕ. ಸುಮ್ಮನ ಕುಂತ್ರ ಕಲ್ಲೂ ಅಕ್ಕಿ ಕಂಡಂಗ ಕಾಣ್ತಾವ," ಎನ್ನುವಳು.

ಒಂದು ದಿನ ಅವಳೇ ಶೇಂಗಾ ತಂದಳು. ತಿಂದು ಮುಗಿಸಿ ಪೊಟ್ಟಣದ ಕಾಗದವನ್ನು ನನ್ನ ಕೈಗಿಟ್ಟಳು. ಮೇಲ್ತುದಿ ಹರಿದ ಪತ್ರಿಕೆಯ ಚೂರು. ಮೊದಲು ಮನಸ್ಸಿನಲ್ಲಿ ಓದಿಕೊಳ್ಳಬೇಕೆಂಬ ಬುದ್ಧಿ ನನಗಿರಲಿಲ್ಲ. ಗಟ್ಟಿಯಾಗಿ ಓದಿಬಿಟ್ಟೆ: ಸಂಡೂರು ಗುಡ್ಡದಲ್ಲಿ ಮಣ್ಣು ಕುಸಿದು ಕೂಲಿಯವರು ಸತ್ತಿದ್ದಾರೆ. ಮುಂದಿನದು ಹರಿದುಹೋಗಿತ್ತು.

"ಯಾವ ಗುಡ್ಡ ಅಂದಿ?" ಎಂದಳು. ನಾನು ಉತ್ತರ ಕೊಡುವ ಮೊದಲೇ ಎರಡೂ ಕೈಯನ್ನು ನೆಲಕ್ಕೆ ಬಡಿದುಕೊಂಡಳು. ಬಳೆಗಳೆಲ್ಲ ಒಡೆದವು.

ಓಣಿಯೆಲ್ಲ ಕೂಡಿತು. ಅವಳ ಮೈದುನ ಗಾಡಿ ಕಟ್ಟಿಕೊಂಡು ಸಂಡೂರಿಗೆ ಹೋದ. ಮೂರನೆಯ ದಿನ ಅಣ್ಣನನ್ನೇ ಕೂರಿಸಿಕೊಂಡು ಬಂದ. "ನಾ ಸತ್ತೀನಂತ ಯಾರು ಹೇಳಿದ್ರಲೇ? ಇವ ಬಂದಾಗ ನಾ ರೊಟ್ಟಿ ತಿನ್ನಾಕ ಹತ್ತಿದ್ದೆ!" ಎಂದು ಅವನು ಗಾಡಿಯಿಂದಿಳಿಯುತ್ತಲೇ ಕೂಗಿದ. ಎಲ್ಲರೂ ನಕ್ಕರು. ಮಣ್ಣು ಕುಸಿದದ್ದು ಎಷ್ಟೋ ವರ್ಷಗಳ ಹಿಂದಿನ ಮಾತು. ಅಂಗಡಿಯವರು ಹಳೆಯ ಪತ್ರಿಕೆಯ ಕಟ್ಟು ತಂದು ಪೊಟ್ಟಣ ಕಟ್ಟುತ್ತಿದ್ದರು, ಅಷ್ಟೇ.

ಅವಳು ಮಾತ್ರ ನಗಲಿಲ್ಲ. ಅವಳ ಅತ್ತೆ ನನಗೆ ಕೇಳಲೆಂದೇ ಕಟ್ಟೆಯ ಮೇಲೆ ನಿಂತು ಅಂದರು: "ಗಂಡ ಇರೋಳ ಕೈಯಾಗಿನ ಬಳಿ ಒಡಿಸಿದ್ಲು. ತನ್ನಂಗ ಆಗ್ಲಿ ಅಂತನ ಓದ್ಯಾಳ."

ಅಂದಿನಿಂದ ಅವಳು ನಮ್ಮ ಮನೆಗೆ ಬರುವುದು ನಿಂತಿತು. ನನಗೆ ಬೇಕಾಗಿದ್ದದ್ದು ಅವಳು ಮತ್ತೆ ಬರುವುದೊಂದೇ. ಎದುರು ಹೋಗಿ ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ಓದುವುದು ಹೇಗೆಂದು ನಾನು ಸರಿಯಾಗಿ ಕಲಿತರೆ, ಕಲಿತದ್ದು ಊರಿಗೆ ಕಂಡರೆ, ಅವಳ ಮನಸ್ಸು ತಿರುಗೀತು ಎಂದುಕೊಂಡೆ. ಊರ ಮಕ್ಕಳ ಮೇಲಿನ ಕಾಳಜಿ ಆಮೇಲೆ ಬಂತು.

ಅಕ್ಕಿ ಗಿರಣಿಯ ಸಾವುಕಾರರ ಮನೆಗೆ ಹೊಸಪೇಟೆ ಬಸ್ಸಿನಲ್ಲಿ ಒಂದು ದಿನ ತಡವಾಗಿ ಪತ್ರಿಕೆ ಬರುತ್ತಿತ್ತು. ಗಂಡಸರ ಮುಂದೆ ಮಾತಾಡಲಾರದೆ ನಾಲ್ಕು ಸಾಲು ಬರೆದು ಸಾವುಕಾರರ ಹೆಂಡತಿಯ ಕೈಗೆ ಕೊಟ್ಟೆ: ಓದಿ ಮುಗಿದ ಪತ್ರಿಕೆ ಕೊಟ್ಟರೆ ಹೆಣ್ಣುಮಕ್ಕಳಿಗೆ ಓದಲು ಕಲಿಸುತ್ತೇನೆ. ಆಕೆ ಓದು ಬಾರದವರು. ಗಂಡನಿಂದ ಓದಿಸಿ ಕೇಳಿ, ತಾವೇ ಶಾಲೆಯ ಮಾಸ್ತರರ ಮನೆಗೆ ನಡೆದರು. ಶನಿವಾರ ಪಾಠ ಮುಗಿದ ಮೇಲೆ ಶಾಲೆಯ ಪಡಸಾಲೆ ನಮ್ಮದಾಯಿತು. ಅಂಗಡಿಯವರನ್ನು ಪೊಟ್ಟಣದ ಹಳೆಯ ಕಾಗದ ಕೇಳಲು ಹೋದಾಗ ನಾನು ಆಕೆಯ ಬೆನ್ನ ಹಿಂದೆ ನಿಂತಿದ್ದೆ.

"ಇನ್ನ ನಾ ಪೊಟ್ಟಣಕ್ಕೆಲ್ಲ ತಾರೀಖು ಬರೀಬೇಕೇನ್ರೀ ಅಮ್ಮಾರ?" ಎಂದು ಅವರು ರೇಗಿಸಿದರು.

"ಬ್ಯಾಡ್ರಿ. ಹರಕ ಚೂರು ಕೊಡ್ರಿ ಸಾಕು," ಎಂದರು ಸಾವುಕಾರ್ತಿ.

ಆ ಚೂರುಗಳೇ ನಮ್ಮ ಪಾಠವಾದವು. ಹುಡುಗಿಯರಿಗೆ ಒಂದೊಂದು ಕೊಟ್ಟು, ಇದರಲ್ಲಿ ಏನಿಲ್ಲ ಹೇಳಿ ಎನ್ನುತ್ತಿದ್ದೆ. ಯಾವ ದಿನದ್ದು? ಯಾವ ಊರಿಂದ ಬಂದದ್ದು? ಹೇಳಿದವರು ಯಾರು? ಕಣ್ಣಾರೆ ಕಂಡವರು ಯಾರು? ಒಮ್ಮೆ ಹರಿಯದ ಇಡೀ ಪತ್ರಿಕೆಯಲ್ಲೇ ಹಂಪಿಯ ಹತ್ತಿರ ಹರಿಗೋಲು ಮುಳುಗಿತೆಂದಿತ್ತು. ತಾರೀಖು, ಊರು ಎಲ್ಲ ಸರಿಯಾಗಿತ್ತು. ಹುಡುಗಿಯರು ಹೊಳೆದಂಡೆಗೆ ಓಡಿ ಹಂಪಿಯ ಕಡೆಯಿಂದ ಬಂದಿದ್ದ ಅಂಬಿಗರನ್ನು ಕೇಳಿದರು. "ಹರಿಗೋಲು ಎಲ್ಲಿ ಮುಳುಗೇತವ್ವಾ? ಅದರಾಗಿನ ಒಂದು ಕುರಿ ಹಾರಿತ್ತು. ಅದನ್ನೂ ಹಿಡಿದ್ವಿ," ಎಂದು ಅವರು ನಕ್ಕರಂತೆ. ಅಚ್ಚಾದದ್ದನ್ನೂ ಕೇಳಿ ನೋಡಬೇಕೆಂದು ಅವತ್ತು ನಾನೂ ಅವರೊಡನೆ ಕಲಿತೆ.

ಪಕ್ಕದ ಮನೆಯವಳ ಮಗಳು ಮೂರು ತಿಂಗಳು ಬರಲಿಲ್ಲ. ಸಾವುಕಾರ್ತಿಯೇ ಹೋಗಿ ಹೇಳಿದ ಮೇಲೆ ಒಂದು ಶನಿವಾರ ಬಂದು ಕೊನೆಯಲ್ಲಿ ಕುಳಿತಳು. ಹತ್ತು ವರ್ಷದ ಚುರುಕು ಹುಡುಗಿ. ಅವ್ವ ಹೇಗಿದ್ದಾಳೆ ಎಂದು ಕೇಳಬೇಕೆನಿಸಿ ಪ್ರತಿ ವಾರ ಬಾಯಿ ತೆರೆದು ಮುಚ್ಚುತ್ತಿದ್ದೆ.

ಆ ಬೇಸಿಗೆಯಲ್ಲಿ ಸಂಡೂರಿನ ಗಣಿಯಲ್ಲಿ ವಾಂತಿಭೇದಿ ಬಿದ್ದಿದೆ, ದಿನವೂ ಹೆಣ ಇಳಿಸುತ್ತಿದ್ದಾರೆ ಎಂಬ ಮಾತು ಓಣಿಗೆ ಬಂತು. ನಾನು ಹಿತ್ತಲಿಗೆ ಹೋಗಿ ನಡುಗೋಡೆಯ ಪಕ್ಕ ನಿಂತೆ. ಆಚೆ ಅವಳು ಮಗಳನ್ನು ಕೇಳುತ್ತಿದ್ದಳು.

"ಕಂಡವರು ಯಾರಂತ ಕೇಳಿದ್ಯೇನ?"

"ಕೇಳೀನವ್ವ. ಬಾವಿ ಹತ್ರ ಹೇಳಿದಾಕಿಗೆ ಯಾರೋ ಹೇಳ್ಯಾರಂತ. ಅದಕ್ಕ ಬಸ್ಸಿನ ಹತ್ರ ಹೋದೆ. ಸಂಡೂರಿಂದ ಮುಂಜಾನೆ ಬಂದವರು ಇದ್ರು. ಗಣಿಯಾಗ ಯಾರಿಗೂ ಏನೂ ಆಗಿಲ್ಲಂತ. ಅಪ್ಪನ್ನ ನೋಡ್ಯಾರಂತ."

"ನಿನ್ನೆ ನೋಡಿದ್ದೋ, ಹೋದವಾರ ನೋಡಿದ್ದೋ?"

"ಇವತ್ತು ಮುಂಜಾನೆನ."

ಆಮೇಲೆ ಒನಕೆಯ ಸದ್ದು ಶುರುವಾಯಿತು. ನಾನು ಒಳಗೆ ಬಂದು ಮುಂಬಾಗಿಲು ತೆಗೆದೆ, ಕಸ ಗುಡಿಸಿದೆ, ಇಬ್ಬರು ಕೂರುವಷ್ಟು ಚಾಪೆ ಹಾಸಿದೆ. ದೀಪ ಹಚ್ಚುವ ಹೊತ್ತಿಗೆ ಚಾಪೆ ಸುತ್ತಿಟ್ಟೆ.

ಮರುದಿನವೂ ಅವಳು ಬರಲಿಲ್ಲ. ನಾವು ಹೊಸಪೇಟೆಗೆ ಬರುವವರೆಗೂ ಬರಲಿಲ್ಲ. ಮಗಳನ್ನು ಮಾತ್ರ ಒಂದು ಶನಿವಾರವೂ ತಪ್ಪಿಸಲಿಲ್ಲ. ತಲೆ ಬಾಚಿ, ಹೂ ಮುಡಿಸಿ ಕಳಿಸುತ್ತಿದ್ದಳು.