ಅತ್ತೆಯ ಸೆರಗಿನ ಗಂಟು

ಚಿಂತಾಮಣಿಯಲ್ಲಿ ಬಸ್ಸಿಳಿದೊಡನೆ ನಮ್ಮತ್ತೆ ತಮ್ಮ ಸೆರಗಿನ ತುದಿಯ ಗಂಟು ನೋಡಿ ಕಂಗಾಲಾದರು. ಮರೆಯಬಾರದ್ದಕ್ಕೆಲ್ಲ ಹಾಗೆ ಗಂಟು ಹಾಕಿಕೊಳ್ಳುವುದು ಅವರ ಅಭ್ಯಾಸ.

“ಇದ್ಯಾತಕ್ಕೆ ಹಾಕ್ಕೊಂಡೆ ಕಣಮ್ಮಾ?” ಎಂದು ನನ್ನನ್ನೇ ಕೇಳಿದರು. ಮದುವೆ ಮನೆಗೆ ಒಯ್ಯಬೇಕಾದ ಹೂವು, ಬಳೆ, ರವಿಕೆ ಕಣ ಎಲ್ಲವೂ ಚೀಲದಲ್ಲಿದ್ದವು.

ಅಷ್ಟರಲ್ಲಿ ಹಿಂದೆಯೇ ಬಂದ ಬಸ್ಸಿನಿಂದ ಮಾವ ಇಳಿದರು. ಶಿಡ್ಲಘಟ್ಟದಲ್ಲಿ ಬಸ್ಸು ನಿಂತಾಗ ಎಲೆ ಅಡಿಕೆ ತರಲು ಹೋದವರನ್ನು ಅಲ್ಲೇ ಬಿಟ್ಟು ಬಂದಿದ್ದೆವು! ಅತ್ತೆ ಗಂಟು ಹಾಕಿಕೊಂಡದ್ದೇ ಅವರಿಗಾಗಿ. ಬೈಗುಳಕ್ಕೆ ಕಾದು ನಿಂತರೆ, ಮಾವ ಎಲೆ ಜಗಿಯುತ್ತಾ ಕಣ್ಣರಳಿಸಿದರು: “ಅರೆ, ನೀವೂ ಬಂದ್ರಾ?” ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಹಿಂತಿರುಗುವಾಗ ಅತ್ತೆ ಸೆರಗನ್ನು ಮಾವನ ಶಲ್ಯಕ್ಕೇ ಗಂಟು ಹಾಕಿ, ಮದುಮಗಳಂತೆ ಬಸ್ ಹತ್ತಿದರು. ಅರವತ್ತರ ದಶಕದ ಆ ದಿನ ನಾವು ಯಾರ ಮದುವೆಗೆ ಹೋಗಿದ್ದೆವೋ, ನನಗೀಗ ಮರೆತೇಹೋಗಿದೆ.