ಬ್ಯಾಡಗಿಯ ಗಾಳಿ ಕೇಳಿ ತಿಳಿದದ್ದು

ಬಸ್ಸಿನಿಂದಿಳಿದು ಉಸಿರೆಳೆದದ್ದೇ ತಡ, ಒಂದರ ಹಿಂದೊಂದು ಒಂಬತ್ತು ಸೀನು. ಪಕ್ಕದಲ್ಲಿದ್ದ ಹೆಂಗಸು ನನ್ನ ಚೀಲ ಹಿಡಿದುಕೊಂಡು, "ಹೊಸಬರೇನ್ರಿ? ಎಂಟು ದಿನ ತಡೀರಿ, ಮೂಗಿಗೆ ರೂಢಿ ಆಗ್ತೈತಿ" ಎಂದರು. ಮೆಣಸಿನಕಾಯಿಯ ಸುಗ್ಗಿಯಲ್ಲಿ ಬ್ಯಾಡಗಿ ನನ್ನನ್ನು ಬರಮಾಡಿಕೊಂಡದ್ದು ಹೀಗೆ.

ನಾನು ಕುಂದಾಪುರದವಳು. ದೊಡ್ಡ ಅಂಗಡಿ, ಆಸ್ಪತ್ರೆ, ಕಲ್ಯಾಣಮಂಟಪಗಳಿಗೆ ಎಸಿ ಎಷ್ಟು ಬೇಕು, ಹೊರಗಾಳಿ ಎಲ್ಲಿಂದ ಬರಬೇಕು ಎಂದು ನಕ್ಷೆ ಹಾಕುವುದು ನನ್ನ ಕೆಲಸ. ರಾಣೆಬೆನ್ನೂರಿನ ಗುತ್ತಿಗೆದಾರರೊಬ್ಬರ ಬಳಿ ಸೇರಿದ್ದೆ. ಮೊದಲ ಕೆಲಸವೇ ಬ್ಯಾಡಗಿಯ ಮೂರಂತಸ್ತಿನ ಬಟ್ಟೆ ಅಂಗಡಿ. ಅಲ್ಲೇ ಗಂಗಕ್ಕನ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಗಂಗಕ್ಕ ಮೆಣಸಿನಕಾಯಿಯ ತುಂಬು ಬಿಡಿಸಲು ಹೋಗುವವರು. ತುಂಬು ಎಂದರೆ ನಮ್ಮ ತೊಟ್ಟು. ಭಾನುವಾರ ಮೀನುಸಾರು ನೆನಪಾಗಿ ನಾನು ಊರಿನ ಮಾತು ತೆಗೆದರೆ, ಬಿಸಿ ರೊಟ್ಟಿ ತಟ್ಟೆಗೆ ಹಾಕಿ, "ಉಣ್ಣವ್ವ, ಊರು ಎಲ್ಲೂ ಓಡಿ ಹೋಗಂಗಿಲ್ಲ" ಎನ್ನುತ್ತಿದ್ದರು.

ನಮ್ಮ ಕರಾವಳಿಯಲ್ಲಿ ಪಡುವಣ ಗಾಳಿ ಉಪ್ಪು ಹೊತ್ತು ತಂದು ಯಂತ್ರಗಳನ್ನು ತಿನ್ನುತ್ತದೆ. ಅದಕ್ಕೇ ಗಾಳಿ ಎಳೆಯುವ ಕಿಂಡಿಯನ್ನು ಮೂಡಣಕ್ಕೆ ಇಡುತ್ತಿದ್ದೆ. ಇಲ್ಲೂ ಯೋಚಿಸದೆ ಹಾಗೇ ಇಟ್ಟೆ. ಕೊಳವೆಗಳನ್ನೆಲ್ಲ ಕೂರಿಸಿಯೂ ಆಗಿತ್ತು. ಒಂದು ಸಂಜೆ ನಕ್ಷೆ ಹರಡಿಕೊಂಡಿದ್ದಾಗ ಗಂಗಕ್ಕ ಬೆರಳಿಟ್ಟು ಕೇಳಿದರು.

"ಈ ಕಿಂಡಿ ಯಾವ ದಿಕ್ಕಿಗೈತಿ?"

"ಮೂಡಣಕ್ಕೆ."

"ಆ ಕಡೀನ ಮೆಣಸಿನಕಾಯಿ ಪ್ಯಾಟಿ ಐತೆಲ್ಲವ್ವ! ಸುಗ್ಗ್ಯಾಗ ಗಾಳಿ ಅಲ್ಲಿಂದನ ಬರ್ತೈತಿ. ಸೀರಿ ನೋಡಾಕ ಬಂದೋರು ಸೀನ್ಕೋಂತ ಹೊಂಟ್ಹೋಗ್ತಾರ."

ಮರುದಿನ ಕಿಂಡಿಗೆ ಒದ್ದೆಯ ಬಿಳಿ ಪಂಚೆ ಕಟ್ಟಿ ಫ್ಯಾನು ಓಡಿಸಿದೆ. ಮಧ್ಯಾಹ್ನಕ್ಕೆ ಪಂಚೆ ಕೆಂಪಾಗಿತ್ತು. ಅದನ್ನೇ ತಂದು ಅಂಗಡಿಯ ಮಾಲೀಕರ ಮುಂದಿಟ್ಟೆ.

"ಜಾಳಿಗಿ ಹಾಕ್ರಿ, ಸಾಕು. ಹದಿನೈದು ದಿನದಾಗ ಅಂಗಡಿ ತೆರೀಬೇಕು, ಈಗ ಬಿಚ್ಚೂದಂದ್ರ ಹೆಂಗ್ರಿ?"

"ಜಾಲರಿ ಧೂಳು ತಡೀತದೆ, ಘಾಟು ತಡೆಯೋದಿಲ್ಲ. ತಪ್ಪು ನನ್ನದು. ಹತ್ತು ದಿನದಲ್ಲಿ ಕಿಂಡಿಯನ್ನು ಪಡುವಣಕ್ಕೆ ತಿರುಗಿಸಿ ಕೊಡ್ತೇನೆ."

ಅವರು ಪಂಚೆಯನ್ನು ಮೂಗಿನ ಹತ್ತಿರ ಹಿಡಿದರು. ಕಣ್ಣಲ್ಲಿ ನೀರು ಬಂತು. "ಖರೇ ಐತಿ. ಲಗೂ ಮಾಡ್ರಿ."

ಒಂಬತ್ತೇ ದಿನಕ್ಕೆ ಮುಗಿಸಿದೆ. ಅಂಗಡಿ ತೆರೆದ ದಿನ ಗಂಗಕ್ಕ ಗೆಳತಿಯರೊಡನೆ ಮೂರನೆಯ ಅಂತಸ್ತಿನಲ್ಲಿ ಎರಡು ತಾಸು ಸೀರೆ ನೋಡಿದರು. ಒಬ್ಬರೂ ಸೀನಲಿಲ್ಲ. ಮಾಲೀಕರು ಬಂದವರಿಗೆಲ್ಲ ನನ್ನನ್ನು "ನಮ್ಮೂರ ಇಂಜಿನಿಯರು" ಎಂದು ಪರಿಚಯಿಸುತ್ತಿದ್ದರು. ಈಗ ಹಾವೇರಿಗೆ ಹೋಗಲಿ, ರಾಣೆಬೆನ್ನೂರಿಗೆ ಹೋಗಲಿ, ಅಕ್ಕಪಕ್ಕದವರಿಂದ ಗಾಳಿಯ ವಿಚಾರ ಕೇಳದೆ ನಾನು ಗೆರೆ ಎಳೆಯುವುದಿಲ್ಲ.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಅಣ್ಣ ಕಟ್ಟಿಸುತ್ತಿರುವ ಸಭಾಭವನಕ್ಕೆ ನಕ್ಷೆ ಬೇಕಿತ್ತು. ನೆರೆಮನೆಯ ಶೀನಣ್ಣ ಮೀನುಗಾರರು. ಚಳಿಗಾಲದ ಬೆಳಿಗ್ಗೆ ಇಲ್ಲಿ ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ಅವರನ್ನು ಕೇಳಿದೆ. ಅವರು ಬಲೆ ಕೆಳಗಿಟ್ಟು ನಕ್ಕರು.

"ನೀ ಹುಟ್ಟಿ ಬೆಳ್ದದ್ ಇಲ್ಲೇ ಅಲ್ದಾ? ನಿಂಗೇ ಗೊತ್ತಿಲ್ಯಾ?"

ಬಿಸಿಲೇರುವ ತನಕ ಗಾಳಿ ನೆಲದ ಕಡೆಯಿಂದಲೇ ಸಮುದ್ರಕ್ಕೆ ಹೋಗುತ್ತದಂತೆ. ಇಷ್ಟು ವರ್ಷ ನನಗದು ತಿಳಿದೇ ಇರಲಿಲ್ಲ. ಬ್ಯಾಡಗಿಯಲ್ಲಿ ಇಂಥದ್ದನ್ನು ಕೇಳಿದರೆ ಯಾರೂ ನಗುವುದಿಲ್ಲ. ಹೊರಗಿನವಳು, ಕೇಳಲಿ ಎನ್ನುತ್ತಾರೆ. ಶೀನಣ್ಣ ಹೇಳಿದ್ದನ್ನೆಲ್ಲ ಬರೆದುಕೊಂಡೆ. ಹುಟ್ಟಿದೂರಿನಲ್ಲಿ ಇಷ್ಟು ಪರಕೀಯಳಾಗಿ, ತಿಳಿದುಕೊಳ್ಳುವ ಇಷ್ಟು ಆಸೆಯಿಂದ ನಾನೆಂದೂ ನಿಂತಿರಲಿಲ್ಲ.