ನಮ್ಮ ಗಿನಿಪಿಗ್ ವ್ರತ ಮಾಡಿರಲಿಲ್ಲ

ಘಾಟ್ಕೋಪರಿನ ನಮ್ಮ ಚಾಳಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಒಂದೇ ಕತೆ ಹೇಳುತ್ತಾರೆ. ಎರಡನೇ ಮಾಳಿಗೆಯ ಉಡುಪಿಯವರ ಮನೆಯಲ್ಲಿ ಒಂದು ಪ್ರಾಣಿ ಇದೆ. ಚಾತುರ್ಮಾಸ್ಯ ಬಂದಾಗ ಅದು ತಾನಾಗಿಯೇ ಶಾಕವ್ರತ ಹಿಡಿಯಿತು. ಕೊನೆಕೊನೆಗೆ ಅನ್ನವನ್ನೂ ಬಿಟ್ಟು ಉಪವಾಸ ಕೂತಿತು. ವ್ರತ ಮುಗಿದ ದ್ವಾದಶಿಯ ಬೆಳಿಗ್ಗೆ ಎಲ್ಲರ ಎದುರಿಗೆ ಪಾರಣೆ ಮಾಡಿತು. ಕೇಳಿದವರು ಕೈ ಮುಗಿಯುತ್ತಾರೆ. ಮಾತುಂಗಾದಿಂದ ನಮ್ಮವರು ಕೆಲವರು ಅದನ್ನು ನೋಡಲೆಂದೇ ಬಂದು ಹೋದದ್ದೂ ಉಂಟು.

ಈ ಕತೆಯಲ್ಲಿ 'ಒಂದು ಪ್ರಾಣಿ ಇದೆ' ಎನ್ನುವುದಷ್ಟೇ ನಿಜ. ನಾನು ಕಾಲೇಜಿನ ಚರ್ಚಾಕೂಟದವಳು, ವಿರೋಧಿಸಬೇಕೆಂದೇ ವಿರೋಧಿಸುತ್ತೇನೆ ಎಂದು ಅಪ್ಪಯ್ಯ ಹೇಳುತ್ತಾರೆ. ಹೇಳಲಿ. ನಡೆದದ್ದೇನು ಎಂದು ನಾನು ಕಣ್ಣಾರೆ ನೋಡಿದ್ದೇನೆ. ಅಪ್ಪಯ್ಯನೂ ನೋಡಿದ್ದಾರೆ. ಅವರೂ ನೋಡಿದ್ದಾರಲ್ಲ, ನನ್ನ ಸಿಟ್ಟೆಲ್ಲ ಅದಕ್ಕೆ.

ಅದು ಗಿನಿಪಿಗ್. ಬಾಂದ್ರಾದಲ್ಲಿ ನನ್ನ ಸಹಪಾಠಿಯೊಬ್ಬಳ ಮನೆಯ ಹಿತ್ತಲಲ್ಲಿ ಅವುಗಳ ದೊಡ್ಡ ಸಂಸಾರವೇ ಇತ್ತು. ಮಂಗಳೂರು ಕಡೆಯ ಕ್ರಿಶ್ಚಿಯನ್ ಮನೆ. ಒಂದು ಮರಿಯನ್ನು ಬೆತ್ತದ ಬುಟ್ಟಿಯಲ್ಲಿ ಹಾಕಿ ಕೊಟ್ಟರು. ಹೆಸರಿನಲ್ಲಿ ಹಂದಿ ಇದೆ ಎಂದರೆ ಮಾಧ್ವರ ಮನೆಯ ಹೊಸ್ತಿಲು ದಾಟುವುದಿಲ್ಲವೆಂದು ನಾನು 'ವಿಲಾಯಿತಿ ಮೊಲ' ಎಂದೆ. ಇಂಗ್ಲಿಷ್ ಬಲ್ಲ ಅಪ್ಪಯ್ಯ ಒಳಗೊಳಗೇ ನಕ್ಕು ಸುಮ್ಮನಾದರು. ಮನೆಯ ಮುಂದಿನ ಗ್ಯಾಲರಿಯಲ್ಲಿ ಹಳೆಯ ಮರದ ಪೆಟ್ಟಿಗೆಗೆ ಜಾಳಿಗೆ ಬಡಿದು ಗೂಡು ಮಾಡಿದೆವು.

ತಂದವಳು ನಾನಾದರೂ ಅದು ಅತ್ತೆಯದಾಯಿತು. ಅತ್ತೆ ಅಪ್ಪಯ್ಯನ ಅಕ್ಕ. ಎಳೆ ಪ್ರಾಯದಲ್ಲಿ ಗಂಡ ತೀರಿಕೊಂಡಾಗ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ಕಳಿಸಿದ ಮೇಲೆ ತಮ್ಮನ ಮನೆಯ ಅಡುಗೆಕೋಣೆಗೆ ಬಂದು ಸೇರಿದವರು. ಸ್ಟೇಶನ್ನಿನ ಆಚೆ ಬದಿಯ ಘಾಟ್ಕೋಪರ್ ಹೇಗಿದೆ ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಬೆಳಿಗ್ಗೆ ಅವರು ಮೆಟ್ಟುಕತ್ತಿ ಎಳೆದು ತರಕಾರಿಗೆ ಕೂತ ಸದ್ದು ಕೇಳಿದರೆ ಸಾಕು, ಗೂಡಿನಿಂದ ಸೀಟಿ ಹೊಡೆದ ಹಾಗೆ ಕೂಗು.

"ಬಂದೆ ಮಾರಾಯ್ತಿ, ಬಂದೆ. ನಿಂಗೆ ಎಂತ, ರೈಲು ತಪ್ಪಿ ಹೋಗ್ತದಾ?"

ಕೊತ್ತಂಬರಿ ದಂಟು, ಕೋಸಿನ ಹೊರಗಿನ ಎಲೆ, ಗಾಜರಿನ ಸಿಪ್ಪೆ. ಅಡುಗೆಗೆ ಬೇಡವಾದದ್ದೆಲ್ಲ ಅದಕ್ಕೆ. ಅದು ತಿನ್ನುವುದನ್ನು ಅತ್ತೆ ಮೊಣಕಾಲಿಗೆ ಕೈ ಊರಿ ಕೂತು ನೋಡುತ್ತಿದ್ದರು.

ಆಷಾಢದ ಏಕಾದಶಿ ಬಂತು. ನಮ್ಮಲ್ಲಿ ಅಲ್ಲಿಂದ ಒಂದು ತಿಂಗಳು ತರಕಾರಿ, ಸೊಪ್ಪು, ಹಣ್ಣು ಮನೆಯೊಳಗೆ ಬರುವಂತಿಲ್ಲ. ಹಸಿಮೆಣಸು ಕೂಡ ಇಲ್ಲ. ಬೇಳೆ, ಕಾಳುಮೆಣಸು, ಹಾಲು, ಮೊಸರು ಮತ್ತು ಒಣಗಿಸಿಟ್ಟ ಮಾವಿನಲ್ಲಿ ಅಡುಗೆ ನಡೆಯಬೇಕು. ಇದು ಶಾಕವ್ರತ. ಮನೆಯವರೆಲ್ಲ ಮಾಡುತ್ತಾರೆ ಎಂದು ಲೆಕ್ಕ. ಆದರೆ ಮುಂಬಯಿಯ ಫೋರ್ಟ್ ಭಾಗದ ಕಂಪನಿಯಲ್ಲಿ ಗುಮಾಸ್ತರಾದ ಅಪ್ಪಯ್ಯ ಮಧ್ಯಾಹ್ನ ಉಣ್ಣುವುದು ಆಫೀಸಿನ ಪಕ್ಕದ ನಮ್ಮವರದೇ ಹೋಟೆಲಿನಲ್ಲಿ. ಒಮ್ಮೆ ಫೀಸಿನ ವಿಷಯ ಹೇಳಲು ಅಲ್ಲಿಗೆ ಹೋದಾಗ, ವ್ರತದ ಮಧ್ಯದಲ್ಲಿ, ಅವರ ಎದುರಿಗೆ ಮಸಾಲೆದೋಸೆ ಇತ್ತು. ಒಳಗಿನ ಬಟಾಟೆ ಪಲ್ಯವನ್ನು ನಾನು ನೋಡುವುದನ್ನು ಅವರು ನೋಡಿದರು.

"ಪರಸ್ಥಳದಲ್ಲಿ ನಿಯಮ ಸ್ವಲ್ಪ ಸಡಿಲ" ಎಂದರು.

ಪಾಸು ಮಾಡಿಸಿಕೊಂಡು ದಿನಾ ಹೋಗಿಬರುವ ಜಾಗ ಯಾವ ಶಾಸ್ತ್ರದಲ್ಲಿ ಪರಸ್ಥಳವಾಗುತ್ತದೆ ಎಂದು ನಾನು ಕೇಳಿದೆ. ನನಗೊಂದು ದೋಸೆ ಹೇಳಿದರು. ತಿಂದೆ, ನಾನು ವ್ರತ ಹಿಡಿದವಳಲ್ಲ. ಹೀಗೆ ನೋಡಿದರೆ ನಮ್ಮ ಮನೆಯಲ್ಲಿ ಶಾಕವ್ರತವನ್ನು ಪೂರ್ತಿಯಾಗಿ ಮಾಡುವವರು ಹೊಸ್ತಿಲು ದಾಟಿ ಹೋಗಲಾಗದವರು. ಆವರೆಗೆ ಅತ್ತೆಯೊಬ್ಬರೇ ಇದ್ದರು. ಆ ವರ್ಷ ಇನ್ನೊಂದು ಜೀವ ಸೇರಿತು.

ಇದು ನನಗೆ ಹೊಳೆಯುವ ಹೊತ್ತಿಗೆ ತಡವಾಗಿತ್ತು. ಭಾಂಡುಪಿನಲ್ಲಿರುವ ನನ್ನ ಅಕ್ಕನಿಗೆ ಅದೇ ಆಷಾಢದಲ್ಲಿ ಹೆರಿಗೆಯಾಗಿ, ಅಮ್ಮ ಬಾಣಂತನಕ್ಕೆ ಅಲ್ಲಿಗೆ ಹೋದಳು. ಅವಳ ಕೈಕೆಳಗೆ ನಾನೂ ಹೋದೆ. ಕಾಲೇಜಿಗೂ ಅಲ್ಲಿಂದಲೇ. ನಾಗರಪಂಚಮಿ ಕಳೆದ ಮೇಲೆ ನಾನೊಬ್ಬಳೇ ಘಾಟ್ಕೋಪರಿಗೆ ಮರಳಿದಾಗ ಗೂಡಿನ ಚೌಕಟ್ಟಿಗೆ ಅರಿಶಿನ ಕುಂಕುಮ ಹಚ್ಚಿತ್ತು. ಮುಂದೆ ಒಂದು ದಾಸವಾಳ. ಪ್ರಾಣಿ ಮೂಲೆಯಲ್ಲಿ ಮುದುಡಿ ಕೂತಿತ್ತು. ಕೂದಲು ನಿಗುರಿತ್ತು, ಕಣ್ಣು ಅರೆಮುಚ್ಚಿತ್ತು. ಎತ್ತಿಕೊಂಡರೆ ಕೈಗೆ ಬರೀ ಎಲುಬು. ಹಿಂಗಾಲು ತಾಗಿದ್ದೇ ನೋವಿನಿಂದ ಕಿರುಗುಟ್ಟಿತು.

"ಇದಕ್ಕೆ ಏನಾಗಿದೆ?" ಎಂದು ಕೂಗಿದೆ.

ಅಪ್ಪಯ್ಯ ಆರಾಮಕುರ್ಚಿಯಲ್ಲಿ ಪೇಪರ್ ಹಿಡಿದಿದ್ದರು. "ಎಂತದೂ ಆಗ್ಲಿಲ್ಲ. ವ್ರತ ಹಿಡಿದದೆ."

"ಯಾರು?"

"ಅದೇ. ತರಕಾರಿ ನಿಲ್ಲಿಸಿದ ದಿನದಿಂದ ಒಮ್ಮೆಯೂ ಗಲಾಟೆ ಮಾಡ್ಲಿಲ್ಲ. ಈಗ ಅನ್ನವೂ ಬಿಟ್ಟಿದೆ. ಕೆಳಗಿನ ಮರಾಠಿ ಹೆಂಗಸರು ಬಂದು ಆರತಿ ಮಾಡಿ ಹೋದರು, ಗೊತ್ತುಂಟಾ?"

"ವ್ರತಕ್ಕೆ ಸಂಕಲ್ಪ ಬೇಕಲ್ಲ ಅಪ್ಪಯ್ಯ? ಸಂಕಲ್ಪ ಹೇಳಿಸಿದ್ದು ಯಾರು? ಅದು ಯಾವ ಭಾಷೆಯಲ್ಲಿ ಹೇಳಿತು?"

"ಪೂರ್ವಜನ್ಮದ ಸಂಸ್ಕಾರ ಅಂತ ಒಂದುಂಟು."

"ಎದುರಿಗೆ ಕೊತ್ತಂಬರಿ ಇಟ್ಟು ನೋಡಿದಿರಾ? ಇಟ್ಟಾಗ ಬೇಡ ಅಂದರೆ ವ್ರತ. ಇಡದೇ ಇದ್ದರೆ ಅದು ಉಪವಾಸ ಮಾಡಿದ್ದಲ್ಲ, ನಾವು ಉಪವಾಸ ಕೆಡವಿದ್ದು."

"ಅನ್ನ ಇಟ್ಟಾಯ್ತು, ನೆನೆಸಿದ ಕಡ್ಲೆ ಇಟ್ಟಾಯ್ತು, ಹಾಲು ಇಟ್ಟಾಯ್ತು. ಮುಟ್ಟೂದಿಲ್ಲ. ಅದಕ್ಕೆ ಎಂತ ಹೇಳ್ತಿ, ಬ್ಯಾರಿಸ್ಟರಮ್ಮ?"

ನಾನು ಪ್ರಾಣಿಯನ್ನು ಎತ್ತಿಕೊಂಡೇ ಒಳಗೆ ತಿರುಗಿದೆ. ಅಡುಗೆಕೋಣೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಮೊದ್ಲು ತಿಂತಿತ್ತು ಮಗಾ," ಎಂದರು ಮೆಲ್ಲಗೆ. "ಈಗ ಬಾಯಿಗೇ ಹಾಕೂದಿಲ್ಲ. ವ್ರತವೋ ಎಂತದೋ, ನಂಗಂತೂ ಅದ್ರ ಮುಖ ನೋಡ್ಲಿಕ್ಕಾಗೂದಿಲ್ಲ."

ಅದನ್ನು ಬುಟ್ಟಿಗೆ ಹಾಕಿ, ಮೇಲೊಂದು ಗೋಣಿತಾಟು ಮುಚ್ಚಿ, ಆ ಮಳೆಯಲ್ಲೇ ಹೊರಟೆ. ದಾದರಿನಲ್ಲಿ ಗಾಡಿ ಬದಲಿಸಿ ಬಾಂದ್ರಾ. ನನ್ನ ಗೆಳತಿಯ ತಾಯಿ ಪ್ರಾಣಿಯನ್ನು ಮಡಿಲಲ್ಲಿ ಅಂಗಾತ ಮಲಗಿಸಿ ತುಟಿ ಬಿಡಿಸಿ ತೋರಿಸಿದರು. ವಸಡಿನಲ್ಲಿ ರಕ್ತ ಒಸರುತ್ತಿತ್ತು.

"ಹಸಿರು ಎಂತ ಕೊಡ್ತೀರಿ ಇದಕ್ಕೆ?"

"ಈ ತಿಂಗಳು ನಮ್ಮಲ್ಲಿ ತರಕಾರಿ ಇಲ್ಲ."

"ಯಾಕೆ, ಬಜಾರು ಬಂದಾ?"

ವ್ರತದ ವಿಷಯ ಹೇಳಿದೆ. ಅವರು ನಗಲಿಲ್ಲ. "ನಾವೂ ಈಸ್ಟರಿಗೆ ಮುಂಚೆ ಮಾಂಸ ಬಿಡ್ತೇವೆ ಮಗಳೇ. ಹಾಗಂತ ನಾಯಿಗೂ ಬಿಡಿಸ್ತೇವಾ?"

ಹಸಿರಿಲ್ಲದೆ ಈ ಜಾತಿಯ ಪ್ರಾಣಿ ಉಳಿಯುವುದಿಲ್ಲ ಎಂದರು. ಹಿಂದೆ ತಿಂಗಳುಗಟ್ಟಲೆ ಹಸಿರು ಕಾಣದ ಹಡಗಿನವರಿಗೆ ಬರುತ್ತಿದ್ದ ರೋಗವೇ ಇದು. ಮೊದಲು ವಸಡು, ಕೀಲು ಎಲ್ಲ ನೋಯುತ್ತವೆ. ನೋವಿಗೆ ಅದು ತಿನ್ನುವುದನ್ನು ಬಿಡುತ್ತದೆ. ತಿನ್ನದೆ ಹೊಟ್ಟೆ ನಿಂತರೆ ಸಾಯುತ್ತದೆ. ಹುಲ್ಲು ಅಗಿಯುವ ಶಕ್ತಿ ಈಗ ಇಲ್ಲ. ಕೊತ್ತಂಬರಿ ಜಜ್ಜಿ ರಸ ತೆಗೆದು, ಮೋಸಂಬಿ ರಸ ಬೆರೆಸಿ, ಶಾಯಿ ತುಂಬುವ ಹೊಸ ಫಿಲ್ಲರಿನಿಂದ ಬಾಯಿಯ ಪಕ್ಕದಲ್ಲಿ ಹನಿಹನಿಯಾಗಿ ಬಿಡಬೇಕು. ನಡುವೆ ಕಡಲೆಹಿಟ್ಟಿನ ತೆಳು ಗಂಜಿ. "ದಿನಕ್ಕೆ ಒಂದ್ಸಲ ಅಲ್ಲ. ದಿನವಿಡೀ. ಮನೆಯಲ್ಲಿ ಯಾರಾದ್ರೂ ಇರ್ಬೇಕು."

ಹಾಗೆ ನಾನು ಅಪ್ಪಯ್ಯನ ಪ್ರಶ್ನೆಗೆ ಉತ್ತರ ಹಿಡಿದುಕೊಂಡೇ ಮನೆಗೆ ಬಂದೆ, ಗೆಲ್ಲುವ ಧೈರ್ಯದಲ್ಲಿ. ಅಪ್ಪಯ್ಯ ಪೂರ್ತಿ ಕೇಳಿದರು.

"ಆಗ್ಲಿ. ದ್ವಾದಶಿ ಕಳೀಲಿ, ಬೇಕಾದಷ್ಟು ಕೊಡು."

"ಅಷ್ಟರಲ್ಲಿ ಸಾಯ್ತದೆ."

"ಇಷ್ಟು ದಿನ ಇದ್ದದ್ದು ಇನ್ನು ನಾಕು ದಿನ ಇರೂದಿಲ್ವಾ? ಮನೆಯೊಳಗೆ ಸೊಪ್ಪು ಬರ್ಲಿಕ್ಕಾಗೂದಿಲ್ಲ."

"ಗ್ಯಾಲರಿಯಲ್ಲಿ ಕೊಡ್ತೇನೆ."

"ಗ್ಯಾಲರಿಯೂ ಮನೆಯೇ."

"ವ್ರತದಲ್ಲಿ ಹಸುವಿಗೆ ಹುಲ್ಲು ಹಾಕ್ತೀರಲ್ಲ?"

"ಹಸು ಮನೆಯೊಳಗೆ ಇರ್ತದಾ? ಸುಮ್ನೆ ಅಡ್ಡಡ್ಡ ಮಾತಾಡ್ಬೇಡ." ಆಮೇಲೆ ನಿಜವಾದ ಕಾರಣ ಬಾಯಿಗೆ ಬಂತು: "ಕೆಳಗಿನವರೆಲ್ಲ ಬಂದು ಕೈ ಮುಗಿದು ಹೋಗಿದ್ದಾರೆ. ಈಗ ನೀನು ಅದ್ರ ಬಾಯಿಗೆ ಸೊಪ್ಪು ತುರುಕಿದ್ರೆ ನಾನು ಅವರಿಗೆ ಎಂತ ಹೇಳೂದು?"

ಒಂದು ಜೀವ ಒಂದು ಕಡೆ, ಚಾಳಿನವರಿಗೆ ಹೇಳಿದ ಮಾತು ಇನ್ನೊಂದು ಕಡೆ. ಚರ್ಚಾಸ್ಪರ್ಧೆಯಲ್ಲಾದರೆ ಇಂಥ ವಾದ ಹೂಡಿದವನನ್ನು ಸಭೆ ಕೂಗಿ ಕೆಳಗಿಳಿಸುತ್ತದೆ. ಮನೆಯಲ್ಲಿ ಕೆಳಗಿಳಿಸುವ ಸಭೆ ಇಲ್ಲ. ಬಾಡಿಗೆ ಕೊಡುವವರೇ ಅಧ್ಯಕ್ಷರು, ಅವರೇ ತೀರ್ಪುಗಾರರು. ನಾನು ಆ ಸಂಜೆ ಮತ್ತು ಮರುದಿನ ಬೆಳಿಗ್ಗೆ ಬುಟ್ಟಿಯನ್ನು ಮಹಡಿಮೆಟ್ಟಿಲ ತಿರುವಿಗೆ ಒಯ್ದು, ಕಾಲೇಜಿನ ಚೀಲದಲ್ಲಿ ಬಚ್ಚಿಟ್ಟ ಕೊತ್ತಂಬರಿಯನ್ನು ಕಲ್ಲಿನಿಂದ ಜಜ್ಜಿ ಕುಡಿಸಿದೆ. ಅರ್ಧ ಒಳಗೆ ಹೋಯಿತು, ಅರ್ಧ ನನ್ನ ಸೀರೆಗೆ. ಉಳಿದ ಕಟ್ಟನ್ನು ಮೆಟ್ಟಿಲಡಿಯ ಡಬ್ಬದಲ್ಲಿ ಮುಚ್ಚಿಟ್ಟೆ. ಆ ದಿನ ಕಾಲೇಜಿನಲ್ಲಿ ಪರೀಕ್ಷೆ, ತಪ್ಪಿಸುವಂತಿರಲಿಲ್ಲ. ಹೊರಡುವಾಗ ಅತ್ತೆಗೆ ಎಲ್ಲ ಹೇಳಿದೆ: ಫಿಲ್ಲರ್ ಹೇಗೆ ಹಿಡಿಯಬೇಕು, ಎಷ್ಟು ಹನಿ ಬಿಡಬೇಕು, ಕಟ್ಟು ಎಲ್ಲಿದೆ. ಮಾಡಿ ಎಂದು ಹೇಳಲಿಲ್ಲ. ವ್ರತದಲ್ಲಿ ಸೊಪ್ಪು ಮುಟ್ಟಿ ಎಂದು ಆ ಹೆಂಗಸಿಗೆ ಹೇಳುವ ಬಾಯಿ ನನ್ನದೂ ಅಲ್ಲ. ಅವರು "ಹ್ಞೂಂ" ಎಂದು ಬೇಳೆ ಆರಿಸುತ್ತಲೇ ಇದ್ದರು.

ಮಳೆಗೆ ಹಳಿ ಮುಳುಗಿ ಗಾಡಿಗಳೆಲ್ಲ ತಡ. ಸತ್ತಿರುತ್ತದೆ ಎಂದೇ ಅಂದುಕೊಂಡು ಮೆಟ್ಟಿಲು ಹತ್ತಿದೆ. ಗ್ಯಾಲರಿಯಲ್ಲಿ ಇರಚಲು ಹೊಡೆಯುವ ಜಾಗದಲ್ಲೇ ಅತ್ತೆ ಕೂತಿದ್ದರು. ಮೈಮೇಲೆ ಒದ್ದೆ ಸೀರೆ, ಮಡಿಲಲ್ಲಿ ಗೋಣಿ, ಗೋಣಿಯ ಮೇಲೆ ಪ್ರಾಣಿ. ಪಕ್ಕದಲ್ಲಿ ಅವರು ತಮ್ಮ ಕಾಳುಮೆಣಸು ಕುಟ್ಟುವ ಪುಟ್ಟ ಕಲ್ಲು, ಅದರ ತುಂಬ ಹಸಿರು. ಬೆರಳೆಲ್ಲ ಹಸಿರು. ಕೆಳಗೆ ಸೊಪ್ಪು ಮಾರಿಕೊಂಡು ಹೋಗುವ ಭಾಜಿವಾಲಿಯನ್ನು ಮೇಲಿನಿಂದಲೇ ಕರೆದು ಹೊಸ ಕಟ್ಟು ತರಿಸಿದ್ದರು.

"ಅತ್ತೇ! ನಿಮ್ಮ ವ್ರತ?"

"ನಂಗೆ ಮೈಲಿಗೆಯಾದ್ರೆ ಸ್ನಾನ ಉಂಟು. ಇದಕ್ಕೆ ಹಸಿವಾದ್ರೆ ಎಂತ ಉಂಟು? ಸುಮ್ನೆ ನಿಲ್ಬೇಡ, ತಲೆ ಹಿಡಿ. ನಿನ್ನ ಹಾಗೆ ಇದೂ ಮುಖ ತಿರುಗಿಸ್ತದೆ."

ಪ್ರತಿ ಸಲ ಕುಡಿಸಿದ ಮೇಲೆ ಅವರು ನಲ್ಲಿಯ ಕೆಳಗೆ ತಲೆಯೊಡ್ಡಿ ತಣ್ಣೀರು ಮೀಯುತ್ತಿದ್ದರು. ಮತ್ತೆ ಬಂದು ಮತ್ತೆ ಕುಡಿಸುತ್ತಿದ್ದರು, ಮತ್ತೆ ಮೀಯುತ್ತಿದ್ದರು. ಮುಂದಿನ ದಿನಗಳೂ ಹಾಗೆಯೇ, ಅಪ್ಪಯ್ಯ ಆಫೀಸಿಗೆ ಹೋಗಿ ಬರುವಷ್ಟರಲ್ಲಿ. ಶ್ರಾವಣದ ಏಕಾದಶಿಯ ದಿನ ತಮ್ಮ ಬಾಯಿಗೆ ಹನಿ ನೀರೂ ಹಾಕದೆ ಅದರ ಬಾಯಿಗೆ ರಸ ಬಿಟ್ಟರು. ಕೆಮ್ಮು ಹಿಡಿದು ಧ್ವನಿ ಒಡೆಯಿತು. ಅಷ್ಟರಲ್ಲಿ ಪ್ರಾಣಿ ತಲೆಯೆತ್ತಿತ್ತು. ಫಿಲ್ಲರನ್ನು ಹಲ್ಲಿನಿಂದ ಹಿಡಿದು ಎಳೆಯುತ್ತಿತ್ತು. ಆ ಸಂಜೆ ಅತ್ತೆಯ ಬೆರಳ ನಡುವಿನಿಂದ ಒಂದು ದಂಟನ್ನು ತಾನೇ ಕಚ್ಚಿ ತಿಂದಿತು. ಅತ್ತೆ ಅದರ ಬೆನ್ನ ಮೇಲೆ ಕೈಯಿಟ್ಟು ಗಟ್ಟಿಯಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಮೊದಲ ಬಾರಿ ಕೇಳಿದೆ.

ಆ ನಗು ಇನ್ನೂ ನಿಂತಿರಲಿಲ್ಲ, ಅಪ್ಪಯ್ಯ ಮೆಟ್ಟಿಲು ಹತ್ತಿ ಬಂದರು. ಛತ್ರಿ ಮಡಚುತ್ತ ಅಲ್ಲೇ ನಿಂತರು. ಕಲ್ಲು, ಹಸಿರು, ದಂಟು, ಅಕ್ಕನ ಕೈ ಎಲ್ಲ ನೋಡಿದರು. ಅಡಗಿಸುವುದಕ್ಕೆ ಏನೂ ಉಳಿದಿರಲಿಲ್ಲ. ಅತ್ತೆ ಕೈ ಹಿಂದೆಗೆಯಲೂ ಇಲ್ಲ. ಅಪ್ಪಯ್ಯ ಛತ್ರಿಯನ್ನು ಬಾಗಿಲಿಗೆ ಒರಗಿಸಿ ಒಳಗೆ ಹೋದರು. ಸೋಲೊಪ್ಪಿದರು ಎಂದುಕೊಂಡು ನಾನು ಮನಸ್ಸಿನಲ್ಲೇ ಗೌರವಿಸಿದೆ ಕೂಡ.

ಮರುದಿನ ದ್ವಾದಶಿ. ಎದ್ದು ನೋಡಿದರೆ ಗ್ಯಾಲರಿಯಲ್ಲಿ ಜನ. ಅಪ್ಪಯ್ಯ ಪಟ್ಟೆಮಡಿ ಉಟ್ಟು, ದೇವರ ನೈವೇದ್ಯ ಮುಗಿಸಿ, ಬಾಳೆಲೆಯಲ್ಲಿ ಕೋಸು, ಹರಿವೆ, ಗಾಜರು ಬಡಿಸಿಕೊಂಡು ಬಂದು ಗೂಡಿನ ಮುಂದಿಟ್ಟರು. ಹೊಟ್ಟೆ ಸರಿಯಾಗಿದ್ದ ಪ್ರಾಣಿ, ತಿಂದಿತು. ತಿನ್ನದೆ ಏನು ಮಾಡೀತು? ಹೆಂಗಸರು "ದೇವಾ ರೇ!" ಎಂದರು. ಯಾರೋ ತೆಂಗಿನಕಾಯಿ ಒಡೆದರು. ಹಿಂದಿನ ಸಂಜೆ ಕಣ್ಣಾರೆ ನೋಡಿದ ಮನುಷ್ಯ ಜೋಡಿಸಿದ ಕೈಯನ್ನು ಹಣೆಗೆ ಮುಟ್ಟಿಸಿ, "ಪಾರಣೆ ಆಯ್ತು" ಎಂದರು. ನಾನು ಬಾಯಿ ತೆರೆದೆ. ಅತ್ತೆ ಹಿಂದಿನಿಂದ ನನ್ನ ಸೆರಗು ಎಳೆದರು. ಮುಚ್ಚಿದೆ.

ಅಂದಿನಿಂದ ಈ ಕತೆ ಬೆಳೆಯುತ್ತಲೇ ಇದೆ. ಗಿನಿಪಿಗ್‌ಗೆ ಪೂರ್ವಜನ್ಮದ ಪುಣ್ಯ ಸಿಕ್ಕಿತು, ಅಪ್ಪಯ್ಯನಿಗೆ ಮನೆತನದ ಕೀರ್ತಿ. ಜೀವ ಉಳಿಸಿದವರಿಗೆ ಸಿಕ್ಕಿದ್ದು ಕೆಮ್ಮು. ಕತೆಯಲ್ಲಿ ಅವರು ಇಲ್ಲವೇ ಇಲ್ಲ, ಕೊನೆಯಲ್ಲಿ ಕಾಫಿ ತಂದುಕೊಡುವುದನ್ನು ಬಿಟ್ಟರೆ.

ಮೊನ್ನೆ ಭಾನುವಾರ ಅಪ್ಪಯ್ಯನ ಆಫೀಸಿನ ಧಾರವಾಡ ಕಡೆಯವರೊಬ್ಬರು ಬಂದಿದ್ದರು. ಕತೆ ಕೇಳಿ ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಕಾಫಿ ತಂದ ಅತ್ತೆಯನ್ನೇ ಕೇಳಿದರು: "ಖರೇನ ಏನ್ರೀ ಅಮ್ಮಾರ? ಒಂದ ಎಲಿ ಸೈತ ಮುಟ್ಟಲಿಲ್ಲಂತ?"

ನಾನು ಅತ್ತೆಯ ಮುಖವನ್ನೇ ನೋಡಿದೆ. ಅಪ್ಪಯ್ಯ ಲೋಟದೊಳಗೆ ನೋಡುತ್ತಿದ್ದರು.

"ಹೌದು," ಎಂದರು ಅತ್ತೆ. "ಒಂದೆಲೆಯೂ ಮುಟ್ಲಿಲ್ಲ."

ಅವರ ಬೆನ್ನಿಗೇ ನಾನು ಅಡುಗೆಕೋಣೆಗೆ ಹೋದೆ. ಅವರು ಆ ಕಡೆ ತಿರುಗಿ ಒಲೆಯ ಬೂದಿ ಕೆದಕತೊಡಗಿದರು.

"ಅತ್ತೆ, ಹೌದು ಅಂದದ್ದು ತಮ್ಮನ ಮಾನ ಉಳಿಸ್ಲಿಕ್ಕಾ, ಇಲ್ಲಾ ನಿಮಗೂ ಈಗ ಹಾಗೇ ಅನಿಸ್ತದಾ?"